ಹೊಳೆ ಬರುವ ಮೊದಲೇ ಊರು ಸಜ್ಜಾಗಲಿ: ರಾಯಚೂರು ಜಿಲ್ಲೆಯ ನದಿ ದಂಡೆ ಊರುಗಳಿಗೆ ಮಾರ್ಗದರ್ಶಿ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಎರಡು ಹೊಳೆಗಳ ನಡುವೆ ಇದ್ದರೂ ಬರಕ್ಕೆ ಹೆಸರಾದ ಜಿಲ್ಲೆ ಇದು. ಹೊಲದಲ್ಲಿ ಹತ್ತಿ, ತೊಗರಿ ಮಳೆಗಾಗಿ ಕಾಯುತ್ತಿರುವಾಗಲೇ ದಂಡೆಯ ಊರುಗಳಿಗೆ ನೀರು ನುಗ್ಗುವುದು ಇಲ್ಲಿ ಹೊಸದಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ ಆಲಮಟ್ಟಿಯನ್ನು ತುಂಬಿಸಿ, ನಾರಾಯಣಪುರದ ಬಸವಸಾಗರ ಜಲಾಶಯ ದಾಟಿ, ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲೂಕುಗಳ ದಂಡೆಗೆ ಬರುತ್ತದೆ. ನಮ್ಮ ತಲೆಯ ಮೇಲೆ ಒಂದು ಹನಿ ಬಿದ್ದಿರುವುದಿಲ್ಲ, ಹೊಳೆ ಮಾತ್ರ ಎರಡೂ ದಂಡೆ ಮುಟ್ಟಿ ಹರಿಯುತ್ತಿರುತ್ತದೆ.

ಇದರಲ್ಲಿ ಒಂದು ಅನುಕೂಲವೂ ಇದೆ. ದೂರದ ನೀರು ನಮ್ಮೂರಿಗೆ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಊರು ಹೇಗೆ ಬಳಸಿಕೊಳ್ಳುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿ ಅದರ ಮುಖ್ಯಸ್ಥರು. ಅಗ್ನಿಶಾಮಕ ದಳ ಇದೆ, ರಾಜ್ಯದ ಮತ್ತು ರಾಷ್ಟ್ರದ ವಿಪತ್ತು ಪಡೆಗಳಿವೆ. ಅವರೆಲ್ಲ ಬರುತ್ತಾರೆ. ಆದರೆ ಅವರು ಬಂದು ತಲುಪುವವರೆಗಿನ ಹೊತ್ತಿನಲ್ಲಿ ಪಕ್ಕದ ಮನೆಯವರೇ ರಕ್ಷಣಾ ಪಡೆ. ಆ ಪಕ್ಕದ ಮನೆಯವರಿಗೆ ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಶಾಲೆಯ ಬೀಗದ ಕೈ ಎಲ್ಲಿದೆ, ಯಾವ ದಾರಿ ಮೊದಲು ಮುಳುಗುತ್ತದೆ ಅನ್ನುವುದು ಮೊದಲೇ ಗೊತ್ತಿರಬೇಕು. ಇದಕ್ಕೆ ದೊಡ್ಡ ದುಡ್ಡು ಬೇಕಿಲ್ಲ. ಒಂದು ದಪ್ಪ ನೋಟ್‌ಬುಕ್, ಎರಡು ಡಬ್ಬಿ ಎಣ್ಣೆ ಬಣ್ಣ, ಒಂದಷ್ಟು ಹಗ್ಗ, ಮೇ ತಿಂಗಳಲ್ಲಿ ನಾಲ್ಕೈದು ಸಂಜೆ. ಅಷ್ಟು ಸಾಕು.

ಮೊದಲ ಹೆಜ್ಜೆ: ನಿಮ್ಮೂರಿಗೆ ಬರುವ ನೀರು ಯಾವುದು?

ಎಲ್ಲ ನೆರೆಯೂ ಒಂದೇ ಥರ ಅಲ್ಲ. ಊರಿನ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮೊದಲು ಇದನ್ನು ಮಾತಾಡಿ.

ಒಂದು, ಅಣೆಕಟ್ಟೆಯಿಂದ ಬಿಡುವ ನೀರು. ಕೃಷ್ಣಾ ದಂಡೆಯವರಿಗೆ ನಾರಾಯಣಪುರ, ತುಂಗಭದ್ರಾ ದಂಡೆಯ ಸಿಂಧನೂರು, ಮಾನ್ವಿ ಕಡೆಯವರಿಗೆ ಹೊಸಪೇಟೆಯ ತುಂಗಭದ್ರಾ ಜಲಾಶಯ. ಇದು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ ಬರುತ್ತದೆ. ಬಿಡುವ ಮೊದಲು ಸೂಚನೆ ಬರುತ್ತದೆ. ಆದರೆ ಸೂಚನೆ ಯಾವಾಗಲೂ ಸಾವಕಾಶವಾಗಿ ಬರುತ್ತದೆ ಅಂತಲೂ ನೆಚ್ಚಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು, ಎಲ್ಲರೂ ಖುಷಿಯಾಗಿದ್ದರು. ಅಂಥ ರಾತ್ರಿಯಲ್ಲಿ ದಂಡೆಯ ಊರುಗಳಿಗೆ ಎಚ್ಚರಿಕೆ ಕೊಡಬೇಕಾಗಿ ಬಂತು.

ಎರಡು, ಭೀಮೆಯ ನೀರು. ರಾಯಚೂರು ತಾಲೂಕಿನ ಗಡಿಯಲ್ಲಿ ಭೀಮಾ ಬಂದು ಕೃಷ್ಣೆಗೆ ಸೇರುತ್ತದೆ. ಸಂಗಮದ ಕೆಳಗಿನ ಊರಿನವರು ನಾರಾಯಣಪುರದ ಲೆಕ್ಕ ಒಂದನ್ನೇ ನೋಡಿದರೆ ಸಾಲದು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ, ಕಲಬುರಗಿ ಜಿಲ್ಲೆಯ ಸೊನ್ನ ಬ್ಯಾರೇಜ್‌ನಿಂದ ಎಷ್ಟು ಬಿಟ್ಟಿದ್ದಾರೆ ಅಂತಲೂ ಕೇಳಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದನ್ನು ಯಾರೂ ಮರೆತಿಲ್ಲ.

ಮೂರನೆಯದು ಹಳ್ಳದ ನೀರು. ನನ್ನ ಪ್ರಕಾರ ಇದೇ ಹೆಚ್ಚು ಅಪಾಯ, ಯಾಕೆಂದರೆ ಇದಕ್ಕೆ ಸೂಚನೆಯೇ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ವಾಯುಭಾರ ಕುಸಿತದ ಮಳೆ ಹಿಡಿದರೆ ಒಣಗಿದ ಹಳ್ಳ ಒಂದೇ ರಾತ್ರಿಯಲ್ಲಿ ಸೇತುವೆ ಮೇಲೆ ಹರಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಆದದ್ದು ಅದೇ. ಹೊಳೆ, ಹಳ್ಳ, ಕೆರೆ ಎಲ್ಲ ಒಟ್ಟಿಗೆ ಬಂದವು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯ ಮುಳುಗಿತು. ಎಷ್ಟೋ ಮಣ್ಣಿನ ಮನೆಗಳು ಹೊಳೆಯ ನೀರಿಗಲ್ಲ, ಬಿಡದೆ ಸುರಿದ ಮಳೆಗೇ ನೆನೆದು ಕುಸಿದವು. ಹೀಗಾಗಿ ಹೊಳೆಯಿಂದ ದೂರ ಇರುವ ಊರೂ ನೆರೆ ಬರುವ ಊರೇ ಅಂತ ಲೆಕ್ಕ ಹಾಕಿ.

ಮೂರರಲ್ಲಿ ಯಾವುದು ನಿಮ್ಮೂರಿಗೆ ಬರುತ್ತದೆ, ಎಲ್ಲಿಂದ ಒಳಗೆ ಬರುತ್ತದೆ, ಯಾವ ಓಣಿ ಮೊದಲು ಮುಳುಗುತ್ತದೆ ಅಂತ ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಊರಿನ ನಕ್ಷೆ ಬಿಡಿಸಿ ಗುರುತು ಹಾಕಿ. ಹೆಣ್ಣುಮಕ್ಕಳನ್ನು ಕರೆಯದೆ ಈ ನಕ್ಷೆ ಮಾಡಬೇಡಿ. ಬಾವಿ, ಬೋರು, ಬಯಲು, ಬಾಣಂತಿ ಇರುವ ಮನೆ ಎಲ್ಲ ಅವರಿಗೆ ಗೊತ್ತಿರುವಷ್ಟು ಕಟ್ಟೆಯ ಮೇಲೆ ಕೂರುವ ಗಂಡಸರಿಗೆ ಗೊತ್ತಿರುವುದಿಲ್ಲ.

ಎರಡನೇ ಹೆಜ್ಜೆ: ಕ್ಯೂಸೆಕ್ ಲೆಕ್ಕವನ್ನು ಊರಿನ ಕಂಬಕ್ಕೆ ಇಳಿಸಿ

ಇದು ಇಡೀ ಕೆಲಸದ ಜೀವ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರತಿ ಮಳೆಗಾಲ ಟಿವಿಯಲ್ಲಿ, ಮೊಬೈಲ್‌ನಲ್ಲಿ ಒಂದೇ ಸುದ್ದಿ: ‘ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ, ನದಿ ಪಾತ್ರದ ಜನ ಎಚ್ಚರ.’ ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಅದೇ ಪ್ರಮಾಣ ಒಂದು ಪೂರ್ತಿ ದಿನ ಹರಿದರೆ ಎಂಟೂವರೆ ಟಿಎಂಸಿಗಿಂತ ಜಾಸ್ತಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಲೆಕ್ಕ ಸರಿ. ಆದರೆ ಹೊಳೆ ದಂಡೆಯಲ್ಲಿ ಮೋಟಾರ್ ಇಟ್ಟ ರೈತನಿಗೆ ಇದರಿಂದ ತಿಳಿಯಬೇಕಾದ್ದು ತಿಳಿಯುವುದಿಲ್ಲ. ‘ನನ್ನ ಮೋಟಾರ್ ಮುಳುಗುತ್ತದಾ? ಊರಿನ ದಾರಿ ಬಂದ್ ಆಗುತ್ತದಾ? ಯಾವಾಗ?’ ಅವನಿಗೆ ಬೇಕಿರುವುದು ಇಷ್ಟೇ ಅಲ್ವಾ?

ಉತ್ತರ ಊರಿನಲ್ಲೇ ಇದೆ. ಯಾರೂ ಬರೆದಿಟ್ಟಿಲ್ಲ ಅಷ್ಟೇ. ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ ಬೇಗ ಮುಳುಗುತ್ತದೆ, ಆಗ ಆ ಕಡೆಯ ನಡುಗಡ್ಡೆ ಊರುಗಳಿಗೆ ದಾರಿ ತಪ್ಪುತ್ತದೆ. ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮುಳುಗಲು ಅದಕ್ಕಿಂತ ಜಾಸ್ತಿ ನೀರು ಬೇಕು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 5 ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ಬಿಟ್ಟಾಗ ಎರಡೂ ನೀರಿನಡಿ ಇದ್ದವು. ಹೀಗೆ ಪ್ರತಿ ಊರಿಗೂ ಅದರದೇ ಲೆಕ್ಕ ಇರುತ್ತದೆ.

ಮಾಡಬೇಕಾದ್ದು ಹೀಗೆ. ಹೊಳೆಗೆ ಇಳಿಯುವ ಜಾಗದಲ್ಲಿ ಗಟ್ಟಿಯಾಗಿ ನಿಂತಿರುವ ಒಂದು ಕಂಬ, ಗುಡಿಯ ಗೋಡೆ ಅಥವಾ ಸೇತುವೆಯ ಕಾಲನ್ನು ಆರಿಸಿಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಅಡಿ ಅಡಿಗೆ ಬಿಳಿ ಗೆರೆ ಎಳೆದು ಅಂಕಿ ಬರೆಯಿರಿ. ದೂರದಿಂದ ಕಾಣುವಷ್ಟು ದೊಡ್ಡದಾಗಿ ಇರಲಿ, ರಾತ್ರಿ ಬ್ಯಾಟರಿ ಬೆಳಕು ಬಿಟ್ಟು ನೋಡಿದರೂ ಓದಲು ಬರಬೇಕು. ಮಳೆಗಾಲ ಶುರುವಾದ ಮೇಲೆ ಒಬ್ಬರು ದಿನಕ್ಕೆ ಎರಡು ಸಲ ಹೋಗಿ ನೀರು ಯಾವ ಗೆರೆಯಲ್ಲಿದೆ ಅಂತ ನೋಟ್‌ಬುಕ್‌ನಲ್ಲಿ ಬರೆಯಲಿ. ಪಕ್ಕದ ಸಾಲಿನಲ್ಲಿ ಆ ದಿನ ಡ್ಯಾಂನಿಂದ ಎಷ್ಟು ಬಿಟ್ಟರು, ಎಷ್ಟು ಗಂಟೆಗೆ ಬಿಟ್ಟರು ಅಂತ ಬರೆಯಲಿ. ಮೂರನೇ ಸಾಲಿನಲ್ಲಿ ನಮ್ಮ ಕಂಬದಲ್ಲಿ ನೀರು ಏರಿದ್ದು ಯಾವಾಗ ಅಂತ. ಒಂದೇ ಮಳೆಗಾಲದಲ್ಲಿ ನಿಮ್ಮ ಕೈಗೆ ಒಂದು ಪಟ್ಟಿ ಸಿಗುತ್ತದೆ: ಇಷ್ಟು ಬಿಟ್ಟರೆ, ಇಷ್ಟು ಗಂಟೆ ಬಿಟ್ಟು, ಇಲ್ಲಿಯವರೆಗೆ. ಎಷ್ಟೇ ದೊಡ್ಡ ಕಚೇರಿಯಲ್ಲಿ ಕೇಳಿದರೂ ನಿಮ್ಮೂರಿನ ಈ ಪಟ್ಟಿ ಸಿಗುವುದಿಲ್ಲ.

ಆಮೇಲೆ ಅದೇ ಕಂಬದ ಮೇಲೆ ಮೂರು ದಪ್ಪ ಗೆರೆ ಹಾಕಿ. ಪ್ರತಿ ಗೆರೆಗೂ ಒಂದು ಕೆಲಸ ಕಟ್ಟಿ.

ಹಳದಿ ಗೆರೆ ಮುಟ್ಟಿದರೆ ಹೊಳೆಯಲ್ಲಿರುವ ಮೋಟಾರ್, ಪೈಪ್, ತೆಪ್ಪ ಮೇಲೆ ಬರಬೇಕು. ಗಡ್ಡೆಯಲ್ಲಿ ಕುರಿ ಬಿಟ್ಟವರು ವಾಪಸ್ ಬರಬೇಕು.

ಕಿತ್ತಳೆ ಗೆರೆ ಮುಟ್ಟಿದರೆ ತಗ್ಗಿನ ಓಣಿಯ ವಯಸ್ಸಾದವರು, ಬಸುರಿಯರು, ಚಿಕ್ಕ ಮಕ್ಕಳು, ದನಕರು ಎತ್ತರದ ಜಾಗಕ್ಕೆ ಹೊರಡಬೇಕು.

ಕೆಂಪು ಗೆರೆಗೆ ನೀರು ಬಂತೆಂದರೆ ಚರ್ಚೆ ಇಲ್ಲ. ತಗ್ಗಿನ ಮನೆ ಎಲ್ಲ ಖಾಲಿ.

ಗೆರೆ ಎಲ್ಲಿ ಹಾಕಬೇಕು ಅನ್ನುವುದನ್ನು ಹಿರಿಯರು ಹೇಳಲಿ. 2009ರಲ್ಲಿ ನೀರು ಎಲ್ಲಿಗೆ ಬಂದಿತ್ತು, 2019ರಲ್ಲಿ ಎಲ್ಲಿಗೆ ಅಂತ ಅವರು ಗೋಡೆ ಮುಟ್ಟಿ ತೋರಿಸುತ್ತಾರೆ. ಕೆಂಪು ಗೆರೆ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ಮನೆ ಬಾಗಿಲಿಗೆ ನೀರು ಬಂದಾಗ ಹೊರಡುವುದಲ್ಲ, ಹೊರಡುವ ದಾರಿ ಮುಳುಗುವ ಮೊದಲು ಹೊರಡುವುದು. ಎಷ್ಟೋ ಊರುಗಳಲ್ಲಿ ಮನೆಗಿಂತ ಮೊದಲು ರಸ್ತೆ ಮುಳುಗುತ್ತದೆ.

ಮೋಟಾರ್ ವಿಷಯ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನೀರು ಏರುವಾಗ ಜನ ಹೊಳೆಗೆ ಇಳಿಯುವುದು ಹೆಚ್ಚಾಗಿ ಅದಕ್ಕೇ. ಸಾಲ ಮಾಡಿ ತಂದ ಮೋಟಾರ್ ಕಣ್ಣೆದುರೇ ಮುಳುಗುವಾಗ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. ಹಳದಿ ಗೆರೆಗೇ ಹತ್ತು ಹುಡುಗರು ಸೇರಿ ಎಲ್ಲರ ಮೋಟಾರನ್ನೂ ಒಂದೇ ಬೆಳಿಗ್ಗೆ ಎತ್ತಿಬಿಟ್ಟರೆ ಆ ಪರದಾಟವೇ ಇರುವುದಿಲ್ಲ.

ಮೂರನೇ ಹೆಜ್ಜೆ: ಮನೆ ಮನೆಯ ಪಟ್ಟಿ

ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್ ಹತ್ತಿರ ಅರ್ಧ ಪಟ್ಟಿ ಈಗಾಗಲೇ ಇರುತ್ತದೆ. ಉಳಿದದ್ದನ್ನು ಓಣಿಗೆ ಇಬ್ಬರಂತೆ ಹುಡುಗ ಹುಡುಗಿಯರು ತುಂಬಲಿ. ಬೇಕಿರುವುದು ಇಷ್ಟು: ಮನೆಯಲ್ಲಿ ಎಷ್ಟು ಜನ, ನಡೆಯಲು ಆಗದವರು ಯಾರು, ಹೆರಿಗೆ ದಿನ ಹತ್ತಿರ ಬಂದವರು ಯಾರು, ದಿನಾ ಬಿಪಿ, ಶುಗರ್ ಮಾತ್ರೆ ಅಥವಾ ಡಯಾಲಿಸಿಸ್ ಬೇಕಾದವರು ಯಾರು, ದನ ಎಷ್ಟು, ಕುರಿ ಎಷ್ಟು, ಮನೆ ಮಣ್ಣಿನದೋ ಆರ್‌ಸಿಸಿಯೋ. ಬೆಂಗಳೂರು, ಹೈದರಾಬಾದ್ ಕಡೆ ದುಡಿಯಲು ಗುಳೆ ಹೋದವರ ಮನೆಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಮಾತ್ರ ಇರುತ್ತಾರೆ. ಆ ಮನೆಗಳಿಗೆ ಬೇರೆ ಬಣ್ಣದಲ್ಲಿ ಗುರುತು ಹಾಕಿ, ದುಡಿಯಲು ಹೋದ ಮಗನ ಫೋನ್ ನಂಬರ್ ಕೂಡ ಬರೆದಿಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಪ್ರತಿ ಕಷ್ಟದ ಮನೆಗೂ ಒಬ್ಬ ಹೆಸರು ಗೊತ್ತಿರುವ ಜವಾಬ್ದಾರ ಬೇಕು. ‘ಹುಡುಗರು ಕರ್ಕೊಂಡು ಬರ್ತಾರೆ’ ಅಂದರೆ ಯಾರೂ ಹೋಗುವುದಿಲ್ಲ. ಇಂಥ ಅಜ್ಜಿಯನ್ನು ಇಂಥವರು ಕರೆತರುತ್ತಾರೆ ಅಂತ ಹೆಸರು ಬರೆಯಿರಿ, ಇಬ್ಬರಿಗೂ ಅದು ಗೊತ್ತಿರಲಿ. ಊರಿನ ಅಂಚಿನ ಕೇರಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡವರು, ಬೇರೆ ಊರಿಂದ ಬಂದು ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರು ಪಟ್ಟಿಯಿಂದ ಬಿಟ್ಟುಹೋಗುವುದೇ ಹೆಚ್ಚು. ಹಾಗಾಗಿ ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಿ.

ನಾಲ್ಕನೇ ಹೆಜ್ಜೆ: ಸುದ್ದಿ ಎಲ್ಲರಿಗೂ ಮುಟ್ಟುವ ದಾರಿ

ವಾಟ್ಸಾಪ್ ಗ್ರೂಪ್ ಇರಲಿ. ಆದರೆ ಕರೆಂಟ್ ಹೋಗಿ ಟವರ್ ಸತ್ತರೆ ಅದೂ ಸತ್ತಂತೆ. ಗುಡಿಯ ಮೈಕ್, ಮಸೀದಿಯ ಮೈಕ್, ಚರ್ಚ್ ಇದ್ದರೆ ಅದರ ಗಂಟೆ, ಎಲ್ಲವನ್ನೂ ಬಳಸಿಕೊಳ್ಳಿ. ಮೈಕ್‌ಗೆ ಬ್ಯಾಟರಿ ಇದೆಯಾ ಅಂತ ಜೂನ್‌ನಲ್ಲೇ ನೋಡಿ. ಡಂಗೂರ ಸಾರುವುದು ಹಳೆಯ ಕಾಲದ್ದು ಅಂತ ಬಿಡಬೇಡಿ. ಮಧ್ಯರಾತ್ರಿ ಕತ್ತಲಲ್ಲಿ ಮಲಗಿದವರನ್ನು ಎಬ್ಬಿಸಲು ಹಲಗೆಯ ಸದ್ದಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಸುದ್ದಿ ಎಲ್ಲಿಂದ ಬರಬೇಕು ಅನ್ನುವುದನ್ನೂ ಗಟ್ಟಿ ಮಾಡಿ. ಜಿಲ್ಲಾ ವಿಪತ್ತು ಕಂಟ್ರೋಲ್ ರೂಮ್ ನಂಬರ್ 1077. ಮಳೆ, ಹವಾಮಾನ ತಿಳಿಯಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ 92433 45433. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಕರೆಂಟ್ ತೊಂದರೆಗೆ 1912. ಇವನ್ನು ಗ್ರಾಮ ಪಂಚಾಯಿತಿ ಗೋಡೆ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ಮುಂದೆ ಬಣ್ಣದಲ್ಲಿ ಬರೆಸಿ. ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಲೈನ್‌ಮನ್ ಇವರ ನಂಬರ್ ಕನಿಷ್ಠ ಐದು ಜನರ ಹತ್ತಿರ ಇರಲಿ. ಮೇಲಿನ ಊರಿನ ಒಬ್ಬರ ಜೊತೆಗೂ ಮಾತಾಡಿಕೊಳ್ಳಿ. ನೀರು ಮೊದಲು ಅವರಿಗೆ ಬರುತ್ತದೆ, ಅವರ ಒಂದು ಫೋನ್ ನಿಮಗೆ ಗಂಟೆಗಟ್ಟಲೆ ಸಮಯ ಕೊಡುತ್ತದೆ. ನೀವು ನಿಮ್ಮ ಕೆಳಗಿನ ಊರಿಗೆ ಅದೇ ಕೆಲಸ ಮಾಡಿ.

‘ಡ್ಯಾಂ ಒಡೀತಂತೆ’ ಅನ್ನುವ ವಿಡಿಯೋಗಳು ಪ್ರತಿ ವರ್ಷ ಓಡಾಡುತ್ತವೆ. ಗ್ರೂಪಿನಲ್ಲಿ ಒಬ್ಬರೇ ಸುದ್ದಿ ಹಾಕಲಿ, ಅದೂ ಕಂಟ್ರೋಲ್ ರೂಮ್‌ಗೆ ಕೇಳಿದ ಮೇಲೆ.

ಐದನೇ ಹೆಜ್ಜೆ: ಜಾಗ, ಬೀಗದ ಕೈ, ಸಾಮಾನು

ಎತ್ತರದ ಜಾಗ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆ ಶಾಲೆ ಅಥವಾ ಸಮುದಾಯ ಭವನದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೆಡ್‌ಮಾಸ್ಟರ್ ಪಕ್ಕದ ಪಟ್ಟಣದಿಂದ ಬರುವವರು, ಭಾನುವಾರ ರಾತ್ರಿ ನೀರು ಬಂದರೆ? ಇನ್ನೊಂದು ಕೈ ಊರಿನಲ್ಲೇ ಇರಬೇಕು. ನೀರಿನ ಟ್ಯಾಂಕ್ ತುಂಬಿದೆಯಾ, ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಲೈಟ್ ಉರಿಯುತ್ತದಾ ಅಂತ ಜೂನ್‌ನಲ್ಲಿ ಹೋಗಿ ಕಣ್ಣಾರೆ ನೋಡಿ.

ಪಂಚಾಯಿತಿಯಲ್ಲಿ ಒಂದು ಟ್ರಂಕ್ ಇಡಿ: ಉದ್ದನೆಯ ನೈಲಾನ್ ಹಗ್ಗ, ಬ್ಯಾಟರಿ, ಸೀಟಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬ್ಲೀಚಿಂಗ್ ಪೌಡರ್, ಒಆರ್‌ಎಸ್ ಪ್ಯಾಕೆಟ್, ಟಾರ್ಪಾಲ್. ಲೈಫ್ ಜಾಕೆಟ್ ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೆ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್, ಮುಚ್ಚಳ ಬಿಗಿದ 20 ಲೀಟರ್ ಕುಡಿಯುವ ನೀರಿನ ಖಾಲಿ ಕ್ಯಾನ್ ತೇಲಲು ಆಗುತ್ತವೆ. ಕ್ಯಾನಿನ ಹಿಡಿಗೆ ಹಗ್ಗ ಕಟ್ಟಿಟ್ಟರೆ ನೀರಿನಲ್ಲಿ ಸಿಕ್ಕವರ ಕಡೆ ದಡದಿಂದಲೇ ಎಸೆಯಬಹುದು. ಎಸೆಯುವವರು ನೀರಿಗೆ ಇಳಿಯಬಾರದು. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗ ಹುಡುಗರು ಇದನ್ನು ಹತ್ತು ಸಲ ಎಸೆದು ಕಲಿಯಲಿ.

ತೆಪ್ಪದ ಬಗ್ಗೆ ಒಂದು ಮಾತು. ಕುರ್ವಕುಲ, ಕುರ್ವಕುರ್ದಾದಂಥ ನಡುಗಡ್ಡೆಯವರಿಗೆ ತೆಪ್ಪ ಬಿಟ್ಟರೆ ಬೇರೆ ದಾರಿ ಇಲ್ಲ. ಅಂಬಿಗರ ಕೈಚಳಕದ ಬಗ್ಗೆ ನನಗೆ ತುಂಬ ಗೌರವ ಇದೆ. ಹೊಳೆಯ ಸುಳಿ, ಸೆಳೆತ ಅವರಿಗೆ ಗೊತ್ತಿರುವಷ್ಟು ಯಾವ ಪಡೆಗೂ ಗೊತ್ತಿಲ್ಲ, ಹಾಗಾಗಿ ಊರಿನ ತಂಡದಲ್ಲಿ ಅವರು ಮೊದಲಿಗರಾಗಿರಬೇಕು. ಆದರೆ 2020ರ ಆಗಸ್ಟ್‌ನಲ್ಲಿ ಕುರ್ವಕುಲಕ್ಕೆ ಹೊರಟ ತೆಪ್ಪ ಮಗುಚಿ ಜೀವ ಹೋದವು. ಇಷ್ಟೇ ಜನ, ಜಾಕೆಟ್ ಇಲ್ಲದೆ ಇಲ್ಲ, ಹಳದಿ ಗೆರೆ ದಾಟಿದ ಮೇಲೆ ಇಲ್ಲ ಅನ್ನುವ ಕಟ್ಟುಪಾಡನ್ನು ಅಂಬಿಗರೇ ಕೂತು ಮಾಡಲಿ, ಊರು ಅದಕ್ಕೆ ಬೆನ್ನಿಗೆ ನಿಲ್ಲಲಿ. ನಡುಗಡ್ಡೆಯ ಬಸುರಿಯರನ್ನು ಹೆರಿಗೆಯ ಎರಡು ಮೂರು ವಾರ ಮೊದಲೇ ಈಚೆ ದಂಡೆಯ ನೆಂಟರ ಮನೆಗೋ ಆಸ್ಪತ್ರೆ ಇರುವ ಊರಿಗೋ ಕಳಿಸಿ. ಜುಲೈ, ಆಗಸ್ಟ್‌ಗೆ ಸಾಕಾಗುವಷ್ಟು ರೇಷನ್, ಔಷಧಿ ಜೂನ್‌ನಲ್ಲೇ ಆಚೆ ತಲುಪಲಿ.

ಮನೆಯವರು ಮಾಡಬೇಕಾದ್ದು ಕಡಿಮೆ. ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಎಲ್ಲವನ್ನೂ ಒಂದು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿಡಿ. ಎಲ್ಲದರ ಫೋಟೋ ತೆಗೆದು ದೂರದ ಊರಿನ ಒಬ್ಬ ನೆಂಟರಿಗೆ ಕಳಿಸಿಡಿ. ಜೋಳದ ಚೀಲ ಅಟ್ಟಕ್ಕೆ.

ಆರನೇ ಹೆಜ್ಜೆ: ದನಕರು

‘ನಾ ಬರಂಗಿಲ್ಲೋ ಎಪ್ಪಾ, ಎಮ್ಮಿ ಬಿಟ್ಟು ಎಲ್ಲಿ ಬರ್ಲಿ?’ ಅನ್ನುವ ಅಜ್ಜಿ ಪ್ರತಿ ಊರಿನಲ್ಲೂ ಇರುತ್ತಾರೆ. ಅವರನ್ನು ಬೈಯಬೇಡಿ. ಆ ಎಮ್ಮೆಯೇ ಅವರ ಬ್ಯಾಂಕು, ಅವರ ಸಂಗಾತಿ. ‘ಯವ್ವಾ, ಎಮ್ಮಿನ ಮೊದ್ಲ ಹೊಡ್ಕೊಂಡು ಹೋಗೀವಿ, ಅದಕ್ಕ ಮೇವು ಹಾಕಾಕ ನೀನ ಬರಬೇಕು’ ಅಂದರೆ ಅಜ್ಜಿ ಎದ್ದು ಬರುತ್ತಾರೆ. ದನಗಳಿಗೆ ಜಾಗ ಇಲ್ಲದ ಯೋಜನೆ ಜನರನ್ನೂ ಉಳಿಸುವುದಿಲ್ಲ. ಹಾಗಾಗಿ ಕಾಳಜಿ ಕೇಂದ್ರದ, ಅಂದರೆ ನೆರೆಯಲ್ಲಿ ಜನ ಉಳಿದುಕೊಳ್ಳುವ ಶಾಲೆ ಅಥವಾ ಭವನದ, ಹತ್ತಿರವೇ ದನ ಕಟ್ಟಲು ಎತ್ತರದ ಬಯಲು, ನೀರಿನ ತೊಟ್ಟಿ ಗೊತ್ತು ಮಾಡಿ. ತಗ್ಗಿನಲ್ಲಿರುವ ಮೇವಿನ ಬಣವೆಯನ್ನು ಮೇ ತಿಂಗಳಲ್ಲೇ ಎತ್ತರಕ್ಕೆ ಹಾಕಿ. ಚಪ್ಪೆ ರೋಗ, ಗಳಲೆ ರೋಗದ ಲಸಿಕೆ ಮಳೆಗಾಲಕ್ಕೆ ಮುಂಚೆ ಆಗಿರಲಿ.

ತೀರಾ ಹೊತ್ತು ಮೀರಿದರೆ ಹಗ್ಗ ಬಿಚ್ಚಿ ಬಿಟ್ಟುಬಿಡಿ. ದನ ಈಜುತ್ತದೆ. ಗೂಟಕ್ಕೆ ಕಟ್ಟಿದ ದನ ಈಜಲಾರದು.

ಏಳನೇ ಹೆಜ್ಜೆ: ಒಂದು ಸಲ ಮಾಡಿ ನೋಡಿ

ಜೂನ್‌ನಲ್ಲಿ ಒಂದು ಭಾನುವಾರ ಅಣಕು ಕಾರ್ಯಾಚರಣೆ ಮಾಡಿ. ಮೈಕ್‌ನಲ್ಲಿ ಸಾರಿ, ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ, ನಡೆಯಲಾಗದವರನ್ನು ನಿಜವಾಗಿ ಮಂಚದ ಮೇಲೆ ಹೊತ್ತು ಶಾಲೆಗೆ ಒಯ್ದು ನೋಡಿ. ಓಣಿಯ ತಿರುವಿನಲ್ಲಿ ಮಂಚ ಹಾಯುವುದಿಲ್ಲ ಅನ್ನುವುದು ಅವತ್ತೇ ಗೊತ್ತಾಗುತ್ತದೆ. ಅಗ್ನಿಶಾಮಕ ಠಾಣೆಯವರನ್ನು ಕರೆದರೆ ಬಂದು ಕಲಿಸುತ್ತಾರೆ. ‘ಆಪ್ದಾ ಮಿತ್ರ’ ಸ್ವಯಂಸೇವಕರ ತರಬೇತಿ ಬಗ್ಗೆ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಊರಿನ ಇಬ್ಬರು ಮೂವರನ್ನು ಕಳಿಸಿ. ಅವರಲ್ಲಿ ಹೆಣ್ಣುಮಕ್ಕಳೂ ಇರಲಿ.

ನೀರು ಬಂದ ದಿನ

ಗೆರೆ ನೋಡಿ ಕೆಲಸ ಮಾಡಿ, ಬಾಯಿಮಾತು ಕೇಳಿ ಅಲ್ಲ. ಬೆಳಕಿರುವಾಗಲೇ ಸಾಗಿಸಿ. ಕತ್ತಲಾದ ಮೇಲೆ ಎಲ್ಲವೂ ಎರಡು ಪಟ್ಟು ಕಷ್ಟ.

ಲೈನ್‌ಮನ್‌ಗೆ ಹೇಳಿ ತಗ್ಗಿನ ಓಣಿಯ ಕರೆಂಟ್ ತೆಗೆಸಿ. ಮನೆ ಬಿಡುವಾಗ ಮೇನ್ ಸ್ವಿಚ್ ಆಫ್, ಗ್ಯಾಸ್ ಬಂದ್. ನೀರಿನಲ್ಲಿ ನಿಂತ ಟಿಸಿ (ಟ್ರಾನ್ಸ್‌ಫಾರ್ಮರ್), ಕರೆಂಟ್ ಕಂಬದ ಹತ್ತಿರ ಯಾರೂ ಸುಳಿಯಬಾರದು.

ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಎರಡೂ ತುದಿಗೆ ಜನ ನಿಲ್ಲಿಸಿ, ಅಡ್ಡ ಟ್ರ್ಯಾಕ್ಟರ್ ಹಚ್ಚಿ ದಾರಿ ಮುಚ್ಚಿ. ಅರ್ಧ ಅಡಿ ರಭಸದ ನೀರು ದೊಡ್ಡವರ ಕಾಲನ್ನೂ ಎತ್ತಿಬಿಡುತ್ತದೆ. ಎರಡು ಅಡಿ ನೀರು ಹೆಚ್ಚಿನ ವಾಹನಗಳನ್ನು ತೇಲಿಸಿಕೊಂಡು ಹೋಗುತ್ತದೆ. ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿಹೋಗಿದೆಯೋ ಮೇಲಿಂದ ಕಾಣುವುದಿಲ್ಲ. 2019ರಲ್ಲಿ ದೇವದುರ್ಗ ತಾಲೂಕಿನ ಒಬ್ಬ ಬಾಲಕ ಮುಳುಗಿದ ಸೇತುವೆ ಮೇಲೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ್ದು ದೇಶಕ್ಕೆಲ್ಲ ಗೊತ್ತು, ಅವನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಆ ಎದೆಗಾರಿಕೆಗೆ ಕೈಮುಗಿಯಬೇಕು. ಮಗು ನೀರಿಗೆ ಇಳಿಯುವ ಪ್ರಸಂಗ ಮತ್ತೆ ಬರದಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ.

ಸೆಲ್ಫಿಗೆ, ಹೊಳೆ ನೋಡಲಿಕ್ಕೆ ಬರುವವರನ್ನು ದಂಡೆಯಿಂದ ದೂರ ಇಡಲು ಇಬ್ಬರು ಗಟ್ಟಿ ದನಿಯವರನ್ನು ನೇಮಿಸಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ನೀರು ಏರಿದಾಗ ಅವು ಹೊಲಕ್ಕೂ ಬರುತ್ತವೆ. ಕಂಡರೆ ಕಲ್ಲು ಎಸೆಯದೆ ಅರಣ್ಯ ಇಲಾಖೆಗೆ ತಿಳಿಸಿ.

ಕಾಳಜಿ ಕೇಂದ್ರದಲ್ಲಿ

ಬಂದವರ ಹೆಸರನ್ನು ಪಟ್ಟಿಯ ಜೊತೆ ತಾಳೆ ನೋಡಿ. ಯಾರು ಬಂದಿಲ್ಲ ಅನ್ನುವುದು ಆಗ ಮಾತ್ರ ಗೊತ್ತಾಗುತ್ತದೆ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ರಾತ್ರಿ ಶೌಚಾಲಯದ ದಾರಿಗೆ ಬೆಳಕು, ಪ್ಯಾಡ್, ಬಾಣಂತಿಗೆ ಬಿಸಿನೀರು. ಇವನ್ನು ಕೇಳಲು ಅವರು ಸಂಕೋಚ ಪಡುತ್ತಾರೆ, ಹಾಗಾಗಿ ಸ್ತ್ರೀಶಕ್ತಿ ಸಂಘದ ಒಬ್ಬರ ಕೈಗೆ ಈ ಜವಾಬ್ದಾರಿ ಕೊಡಿ. ಅಡುಗೆಯನ್ನು ಊರಿನವರೇ ಸೇರಿ ಮಾಡಿದರೆ ರೊಟ್ಟಿ ಬಿಸಿಯಾಗಿರುತ್ತದೆ, ಜನರ ಮನಸ್ಸೂ ಹಗುರಾಗುತ್ತದೆ. ಸಾಲು ಒಂದೇ ಇರಲಿ, ಪಂಕ್ತಿ ಒಂದೇ ಇರಲಿ. ಕೇರಿ ನೋಡಿ ಬೇರೆ ಕೂರಿಸುವುದು ನಡೆಯಕೂಡದು. ಅದನ್ನು ಮೊದಲ ಊಟದ ದಿನವೇ ಗಟ್ಟಿಯಾಗಿ ಹೇಳಿ.

ನೀರು ಇಳಿದ ಮೇಲೆ

ನೀರು ಇಳಿಯಿತು ಅಂತ ಓಡಿಹೋಗಿ ಮಣ್ಣಿನ ಮನೆಯೊಳಗೆ ಹೋಗಬೇಡಿ. ನೆನೆದ ಗೋಡೆ ಬಿಸಿಲು ಬಿದ್ದ ಮೇಲೂ ಕುಸಿಯುತ್ತದೆ. ಕೋಲು ಹಿಡಿದು ತಟ್ಟುತ್ತಾ ಹೋಗಿ, ಹಾವು ಚೇಳು ಒಳಗೆ ಸೇರಿರುತ್ತವೆ. ಹಾವು ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಡಿದ ಕೈ ಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ.

ಬಾವಿ, ಟ್ಯಾಂಕ್ ನೀರನ್ನು ಆರೋಗ್ಯ ಸಿಬ್ಬಂದಿ ಬ್ಲೀಚಿಂಗ್ ಹಾಕಿ ಪರೀಕ್ಷೆ ಮಾಡುವವರೆಗೆ ಕಾಯಿಸಿ ಆರಿಸಿ ಕುಡಿಯಿರಿ. ವಾಂತಿ ಭೇದಿ ಆದರೆ ಒಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರ, ಮೈಕೈ ನೋವು ಬಂದರೆ ಇಲಿ ಜ್ವರ ಇರಬಹುದು, ಡಾಕ್ಟರಿಗೆ ತೋರಿಸಿ.

ಇನ್ನು ಪರಿಹಾರ. ಸ್ವಚ್ಛ ಮಾಡುವ ಮೊದಲು ಫೋಟೋ ತೆಗೆಯಿರಿ: ಕುಸಿದ ಗೋಡೆ, ಅದರ ಮುಂದೆ ನಿಂತ ಮನೆಯವರು, ಮುಳುಗಿದ ಬೆಳೆ. ದನ ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಪರಿಹಾರ ಕಷ್ಟ. 2022ರಲ್ಲಿ ಕೇಂದ್ರ ಪರಿಷ್ಕರಿಸಿದ ದರದಂತೆ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತಿಗೆ 32,000, ಕುರಿ ಮೇಕೆಗೆ 4,000. ಬೆಳೆ 33 ಶೇಕಡಾ ಅಥವಾ ಹೆಚ್ಚು ಹಾಳಾಗಿದ್ದರೆ ಒಣಬೇಸಾಯಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಅದೂ 2 ಹೆಕ್ಟೇರ್‌ವರೆಗೆ. ರಾಜ್ಯ ಸರ್ಕಾರ ಕೆಲವು ವರ್ಷ ಇದರ ಮೇಲೆ ಸೇರಿಸಿ ಕೊಟ್ಟಿದೆ. ಬೆಳೆ ವಿಮೆ ಮಾಡಿಸಿದ್ದರೆ 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ.

ಸರ್ವೆಗೆ ಬಂದಾಗ ಊರಿನ ನೋಟ್‌ಬುಕ್ ಹಿಡಿದು ಜೊತೆಗೆ ನಡೆಯಿರಿ. ಗುಳೆ ಹೋದವರ ಮನೆ, ಒಂಟಿ ಹೆಣ್ಣುಮಕ್ಕಳ ಮನೆ, ಪಟ್ಟಾ ಇಲ್ಲದ ಗುಡಿಸಲು ಪಟ್ಟಿಯಲ್ಲಿ ಬಂದಿವೆಯಾ ಅಂತ ನೋಡಿ. ಫಲಾನುಭವಿಗಳ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ ಅಂತ ಕೇಳುವುದು ನಿಮ್ಮ ಹಕ್ಕು. ಬರೀ ಬಾಯಿಮಾತು ಬೇಡ, ಅರ್ಜಿ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇದೇ ತಂಡ ಬೇಸಿಗೆಗೂ

ಏಪ್ರಿಲ್, ಮೇ ತಿಂಗಳ ಸಂಜೆ ಮಳೆಯಲ್ಲಿ ಸಿಡಿಲು ಬಡಿದು ನಮ್ಮ ಕಡೆ ಕುರಿ ಕಾಯುವವರು, ಹೊಲದಲ್ಲಿ ದುಡಿಯುವವರು ಸಾಯುತ್ತಾರೆ. ಗುಡುಗು ಕೇಳಿಸಿದರೆ ಸಿಡಿಲು ಹತ್ತಿರವೇ ಇದೆ ಅಂತ ಅರ್ಥ. ಒಂಟಿ ಬೇವಿನ ಮರದ ಕೆಳಗೆ ನಿಲ್ಲಬೇಡಿ, ಪಕ್ಕಾ ಕಟ್ಟಡ ಸೇರಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ‘ಸಿಡಿಲು’, ‘ದಾಮಿನಿ’ ಅನ್ನುವ ಆಪ್‌ಗಳು ಮುಂಚೆಯೇ ಎಚ್ಚರಿಸುತ್ತವೆ. ಕುರಿಗಾಹಿಗಳ ಹತ್ತಿರ ಸ್ಮಾರ್ಟ್‌ಫೋನ್ ಇರುವುದಿಲ್ಲ. ಊರಿನ ಹುಡುಗರು ಆಪ್ ನೋಡಿ ಅವರ ಸಾದಾ ಫೋನ್‌ಗೆ ಒಂದು ಕರೆ ಮಾಡಲಿ.

ರಾಯಚೂರಿನ ಬಿಸಿಲು 42, 43 ಡಿಗ್ರಿ ದಾಟುವ ದಿನಗಳಲ್ಲಿ ಮೂರನೇ ಹೆಜ್ಜೆಯಲ್ಲಿ ಮಾಡಿದ ಪಟ್ಟಿ ಮತ್ತೆ ಕೆಲಸಕ್ಕೆ ಬರುತ್ತದೆ. ಒಂಟಿಯಾಗಿರುವ ಅಜ್ಜ ಅಜ್ಜಿಯರ ಮನೆಗೆ ಮಧ್ಯಾಹ್ನ ಒಬ್ಬರು ಹೋಗಿ ಬರಲಿ. ಉದ್ಯೋಗ ಖಾತ್ರಿ ಕೆಲಸವನ್ನು ನಸುಕಿನಲ್ಲೇ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸುವಂತೆ ಪಂಚಾಯಿತಿಗೆ ಕೇಳಿ. ಮೈ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ಒಯ್ದು, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.